ಎದುರಂಗಡಿಯ ಬೋಣಿ

ಸೊಸೆ ಆಲ್ದಿನಾ ಬಂದ ಮೇಲೆ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ನನಗೆ ಕೆಲಸವೇ ಇಲ್ಲದಂತಾಯಿತು. ಇದು ದೂರೋ ಹೊಗಳಿಕೆಯೋ ನನಗೇ ಗೊತ್ತಿಲ್ಲ.

ಮೊದಲು ನಾನು ಕೈಗೆ ಬಂದಷ್ಟು ಬೀಜ ಹುರಿಯುತ್ತಿದ್ದೆ. ಮನಸ್ಸು ನೆಟ್ಟಗಿದ್ದ ದಿನ ಸ್ವರ್ಗ, ಸಿಟ್ಟಿದ್ದ ದಿನ ಇದ್ದಿಲು. ಆಲ್ದಿನಾ ಅದಕ್ಕೆ ಕಡಿವಾಣ ಹಾಕಿದಳು. ಪ್ರತಿ ಸಲವೂ ಅಷ್ಟೇ ತೂಕ, ಅಷ್ಟೇ ಉರಿ, ಗಡಿಯಾರ ನೋಡಿಯೇ ಇಳಿಸಬೇಕು. ಸಂಜೆ ಬೀಸುವ ಯಂತ್ರ ಒರೆಸದೆ ಬಾಗಿಲು ಹಾಕುವಂತಿಲ್ಲ. ಸೋಮವಾರ ಬಂತೆಂದರೆ ಕಾಫಿಮನೆಗಳಿಗೆಲ್ಲ ಫೋನು. ಪುಡಿ ಬೇಕೇ ಎಂದು ಮುಗಿಯುವ ಮೊದಲೇ ಕೇಳಬೇಕು, ಮುಗಿದ ಮೇಲಲ್ಲ. ಇದೇನು ಮಹಾ ಎಂದು ನಾನು ಮೂಗು ಮುರಿದೆ. ಚಳಿಗಾಲ ಕಳೆಯುವುದರೊಳಗೆ ನಮ್ಮೂರು ತ್ರಾವ್ನಿಕ್‌ನ ಅರ್ಧಕ್ಕರ್ಧ ಕಾಫಿಮನೆಗಳು ನಮ್ಮ ಪುಡಿಯನ್ನೇ ಕುದಿಸುತ್ತಿದ್ದವು. ಮುರಿದ ಮೂಗನ್ನು ಸರಿಮಾಡಿಕೊಂಡು ಎರಡನೆಯ ಯಂತ್ರ ಕೊಂಡೆ.

ಆದರೆ ಎದುರಿಗೆ ಹಮ್ದಿಯಾ ಮಾಮನ ಅಂಗಡಿ ಇತ್ತು. ಅದೂ ಕಾಫಿಪುಡಿಯದೇ. ನನ್ನ ಗಂಡ ಸತ್ತಾಗ ನನಗೆ ಹುರಿಯುವುದನ್ನು ಕಲಿಸಿದವನು ಅವನು. "ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೋತಿದ್ದೀಯ" ಎಂದು ಪೇಟೆಯವರು ಹೇಳಿದರೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮಲ್ಲಿ ಗಿರಾಕಿಗಳು ಹೆಚ್ಚಿದಂತೆ ಅವನ ಹೊಸ್ತಿಲ ಮೇಲೆ ಬೆಕ್ಕು ಮಲಗತೊಡಗಿತು. ದಿನಾ ಬೆಳಿಗ್ಗೆ ನಮ್ಮಲ್ಲಿ ಕೂತು ಕಾಫಿ ಕುಡಿಯುತ್ತಿದ್ದವನು ಬರುವುದನ್ನೇ ಬಿಟ್ಟ. ಅವನು ಬಾಗಿಲು ಹಾಕಿಬಿಟ್ಟರೆ ನಾನು ಯಾವ ಮುಖ ಹೊತ್ತು ಆ ಬೀದಿಯಲ್ಲಿ ಓಡಾಡಲಿ? ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಒದ್ದಾಡಿದೆ.

ನಮ್ಮ ಪೇಟೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ. ನಿನಗೆ ಬೋಣಿಯಾಗಿ ಎದುರಿನವನಿಗೆ ಆಗಿಲ್ಲದಿದ್ದರೆ ಮುಂದಿನ ಗಿರಾಕಿಯನ್ನು ಅವನಲ್ಲಿಗೆ ಕಳಿಸಬೇಕು. ನೂಕುನುಗ್ಗಲಿನಲ್ಲಿ ಅದು ನಮಗೆ ಮರೆತೇಹೋಗಿತ್ತು.

"ಆಲ್ದಿನಾ, ಬೆಳಿಗ್ಗೆ ಎರಡನೇ ಗಿರಾಕೀನ ಮಾಮನ ಹತ್ರ ಕಳ್ಸು."

"ದಿನಾನಾ ಅತ್ತೆ?"

"ದಿನಾ."

"ಸರಿ, ಅದನ್ನೂ ಕ್ರಮಕ್ಕೆ ಸೇರಿಸ್ತೀನಿ."

ಅವಳು ಸೇರಿಸಿದಳೆಂದರೆ ತಪ್ಪುವ ಮಾತೇ ಇಲ್ಲ. ದಿನವೂ ಎರಡನೆಯ ಗಿರಾಕಿ ಬೀದಿ ದಾಟತೊಡಗಿದ. ನನಗೂ ಸ್ವಲ್ಪ ನಿದ್ದೆ ಹತ್ತಿತು.

ಒಂದು ಬೆಳಿಗ್ಗೆ ಮಾಮನೇ ಬೀದಿ ದಾಟಿ ಬಂದ. ಅವನ ಹಿಂದೆ ನಾವು ಕಳಿಸಿದ ಗಿರಾಕಿ ಬೆಪ್ಪಾಗಿ ನಿಂತಿದ್ದ.

"ಮೆವ್ಲಿದಾ, ತಗೋ ನಿನ್ನ ಗಿರಾಕೀನ."

"ಯಾಕೆ ಮಾಮ? ನಿನಗೆ ಬೋಣಿ ಆಗ್ಲಿ ಅಂತ..."

"ನನಗೆ ಬೋಣಿ ಆಗಿ ಎಷ್ಟೋ ಹೊತ್ತಾಯ್ತು! ಇಬ್ಬರು ಬಂದು ಹೋದ್ರು. ನೋಡಿದ್ಯಾ ನೀನು?"

ನಾನು ನೋಡಿರಲಿಲ್ಲ.

"ನಿನ್ನ ಗಂಡ ಬಾಗಿಲಿಗೆ ಬಂದು ನನ್ನ ಮುಖ ನೋಡ್ತಿದ್ದ. ನೋಡಿ ಕಳಿಸ್ತಿದ್ದ. ನೀನು ಯಂತ್ರಕ್ಕೆ ಬೀಜ ಸುರಿದ ಹಾಗೆ ಸುರೀತಿದ್ದೀಯ. ನಾನೇನು ಮಸೀದಿ ಮೆಟ್ಟಿಲ ಮೇಲೆ ಕೈಚಾಚಿ ಕೂತಿದೀನಾ?"

"ಕ್ರಮ ಮಾಡಿದ್ದು ನಾನು, ಮಾಮ" ಎಂದಳು ಆಲ್ದಿನಾ.

"ನಿಂದೇನೂ ತಪ್ಪಿಲ್ಲ ಮಗಳೇ. ನೀನು ಅಂಗಡಿ ಬೆಳೆಸಿದೆ. ಇವಳೇನು ಮಾಡ್ತಿದ್ಲು ಅಂತ ಕೇಳು. ಇನ್ನೊಬ್ಬನ್ನ ಕಳಿಸಿದ್ರೆ ಬಾಗಿಲು ಹಾಕ್ಕೊಂಡು ಹೋಗ್ತೀನಿ, ಹೇಳಿದೀನಿ."

ನನಗೆ ಮೊದಲು ಬಂದದ್ದು ಸಿಟ್ಟು. ಒಳ್ಳೆಯದಕ್ಕೆ ಕಾಲವೇ ಇಲ್ಲ, ಮುದುಕನಿಗೆ ಜಂಬ ಎಂದು ದಿನವಿಡೀ ಗೊಣಗಿದೆ. ಡಬ್ಬಿಗಳನ್ನು ಅಲ್ಲಿಂದಿಲ್ಲಿಗೆ ಇಟ್ಟೆ, ಆಲ್ದಿನಾ ಮತ್ತೆ ಇಲ್ಲಿಂದಲ್ಲಿಗೆ ಇಟ್ಟಳು. ಕೊನೆಗೆ ಅವಳಿಗೂ ಸಾಕಾಯಿತು.

"ಅತ್ತೆ, ನೀವಿಲ್ಲಿ ನಿಂತು ಮಾಡೋದೇನೂ ಇಲ್ಲ. ಅಂಗಡಿ ನಾನು ನೋಡ್ಕೋತೀನಿ."

ಮಾತು ನಿಜವಾಗಿತ್ತು, ಅದಕ್ಕೇ ಚುರುಕ್ಕೆಂದಿತು. ಅಷ್ಟೆಲ್ಲ ಕ್ರಮ ಕಟ್ಟಿ ಅವಳು ನನಗೆ ಬಿಡುವು ಕೊಟ್ಟಿದ್ದಳು. ಆ ಬಿಡುವಿನಲ್ಲಿ ನಾನು ಒಂದು ದಿನವೂ ಕಣ್ಣೆತ್ತಿ ಎದುರಿಗೆ ನೋಡಿರಲಿಲ್ಲ.

ಮರುದಿನ ಬಾಗಿಲಲ್ಲಿ ನಿಂತು ನೋಡಿದೆ. ಮಾಮ ಬಾಗಿಲು ತೆಗೆದ, ಬೆಕ್ಕನ್ನು ಸರಿಸಿದ, ಬೀದಿಯ ಎರಡೂ ಕಡೆ ನೋಡಿದ, ಒಳಗೆ ಹೋದ, ಮತ್ತೆ ಬಂದು ನೋಡಿದ. ಎಷ್ಟು ಸೊರಗಿದ್ದ! ನಾನು ಬೀದಿ ದಾಟಿದೆ.

"ಕಾಲು ಕಿಲೋ ಪುಡಿ ಕೊಡು."

"ಯಾರಿಗೆ?"

"ನನಗೆ."

"ಪುಡಿ ಮಾರೋಳೇ ಪುಡಿ ಕೊಳ್ಳೋದಾ? ಪೇಟೆಯವರು ಬಿದ್ದು ಬಿದ್ದು ನಗ್ತಾರೆ."

"ನಗಲಿ. ನಮ್ಮದು ದಿನಾ ಒಂದೇ ರುಚಿ. ನಿಂದು ಇವತ್ತು ಹೆಂಗಿರುತ್ತೋ ಅಂತ ಹೆದರ್ಕೊಂಡು ಕುಡಿದು ಎಷ್ಟು ದಿನ ಆಯ್ತು! ಬೇಜಾರಾಗಿದೆ, ಮಾಮ. ನೀನು ಬರದೆ ಬೇಜಾರಾಗಿದೆ."

ಅವನು ಪುಡಿಯ ಡಬ್ಬಿ ಇಳಿಸಿದ. ತೂಗಿದ, ಒಂದು ಪೈಸೆಯೂ ಬಿಡದೆ ದುಡ್ಡು ತೆಗೆದುಕೊಂಡ, ವ್ಯಾಪಾರ ಹೆಚ್ಚಲೆಂದು ಬೋಣಿಯ ನಾಣ್ಯವನ್ನು ಬಿಳಿ ಗಡ್ಡಕ್ಕೆ ಉಜ್ಜಿದ. ಆಮೇಲೆ ತಾಮ್ರದ ಪಾತ್ರೆಯನ್ನು ಒಲೆಗಿಟ್ಟ. ಕಾಫಿ ತುಸು ಸೀದಿತ್ತು. ಇಬ್ಬರೂ ಅದರ ಮಾತೆತ್ತದೆ ಕುಡಿದೆವು.

ಹೊರಡುವಾಗ ಕೇಳಿದೆ, "ನಾಳೆ ಬರ್ಲಾ?"

"ಬೇಡ. ನಾಳೆ ಬಂದ್ರೆ ನಾಳಿದ್ದೂ ಬರ್ತೀಯ, ಆಮೇಲೆ ನಿನ್ನ ಸೊಸೆ ಅದನ್ನೂ ಕ್ರಮಕ್ಕೆ ಸೇರಿಸ್ತಾಳೆ. ಬರಬೇಕು ಅನ್ನಿಸಿದಾಗ ಬಾ."

ಮರುದಿನ ಕಣ್ಣು ಬಿಟ್ಟ ಗಳಿಗೆಯಲ್ಲೇ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಮಧ್ಯಾಹ್ನದವರೆಗೆ ತಡೆದೆ.