ಟೇಪಿನ ಮೇಲಿನ ಜಾಗ

"ಕಲಾವಿದರು ಬನ್ನಿ!" ಎಂಬ ಕೂಗು ಬಿದ್ದದ್ದೇ ತಡ, ಒಡೆಟ್ ತಾನು ನಿಂತಿದ್ದ ಜಾಗ ಬಿಟ್ಟು ಸರ್ರನೆ ಪಕ್ಕಕ್ಕೆ ಸರಿದಳು. ಸೆಟ್ಟಿನ ತುಂಬ ನಗು.

"ಅಯ್ಯೋ ಮಾರಾಯ್ತಿ, ಈಗ ಕಲಾವಿದೆ ನೀನೇ ಕಣೇ!" ಎಂದಳು ನಿರ್ದೇಶಕಿ ಕರ್ಸ್ಟನ್.

ಎರಡನೇ ಸಲವೂ ಹಾಗೇ ಆಯಿತು. ಪಾಪ, ಅವಳಾದರೂ ಏನು ಮಾಡಿಯಾಳು? ವಿನ್ನಿಪೆಗ್‌ನ ಈ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಅವಳ ಕೆಲಸವೇ ಅದು. ನಟಿಯರ ಬದಲಿಗೆ ನೆಲಕ್ಕೆ ಗುರುತಾಗಿ ಅಂಟಿಸಿದ ಟೇಪಿನ ಮೇಲೆ ನಿಲ್ಲಬೇಕು, ದೀಪ ಹೊಂದಿಸುವವರೆಗೆ ಅಲುಗಾಡಬಾರದು, ನಟಿಯರನ್ನು ಕರೆಯುವ ಆ ಕೂಗು ಕೇಳಿದೊಡನೆ ಜಾಗ ಬಿಡಬೇಕು. ಇವತ್ತು ನೆರೆಮನೆಯವಳ ಪಾತ್ರದ ನಟಿ ಹಿಮದಲ್ಲಿ ಸಿಕ್ಕಿಬಿದ್ದು ಬರಲಿಲ್ಲ. ಆ ಪಾತ್ರದ ಒಂದೇ ಒಂದು ಮಾತು, ದೀಪಕ್ಕೆ ನಿಂತಿದ್ದ ಒಡೆಟ್‌ಗೆ ಬಂತು. ಕ್ಯಾಮರಾ ಮುಂದೆ ಅವಳ ಮೊದಲ ಮಾತು.

"ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಟ್ಯಾಮ್ಸಿನ್ ಹೇಳ್ತಾಳೆ. ನಾಟಕ ಶಾಲೇಲಿ ಕಲಿತೋಳು," ಎಂದಳು ಕರ್ಸ್ಟನ್.

ಗುಂಪಿನ ದೃಶ್ಯಕ್ಕೆಂದು ಬಂದಿದ್ದ ಟ್ಯಾಮ್ಸಿನ್ ಎಂಬ ಹುಡುಗಿ ಹತ್ತಿರ ಬಂದಳು. ಒಡೆಟ್‌ಗೆ ಮೈಯೆಲ್ಲ ಉರಿಯಿತು.

"ಏನು, ನನ್ನ ಮಾತು ಕಿತ್ಕೊಳ್ಳೋಕೆ ಬಂದ್ಯಾ?"

"ನಂಗೂ ಬೇಕು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಹಿಂಗೆ ಬೇಡ. ನೀವು ಬರೀ ನಿಲ್ತಿದೀರಿ. ಎದುರಿಗಿರೋಳ ಹತ್ರ ಏನೋ ಬೇಕು ಅಂತ ನಿಲ್ಲಿ. ಶಾಲೇಲಿ ವರ್ಷವಿಡೀ ನಮ್ಮ ತಲೆ ತಿಂದಿದ್ದು ಇದೊಂದೇ."

"ನಂಗೇನು ಬೇಕು ಅಂತ ನಿಮ್ಮ ಶಾಲೆ ಹೇಳ್ಕೊಡ್ಬೇಕಾಗಿಲ್ಲ," ಎಂದು ಗುರುಗುಟ್ಟಿ ಒಡೆಟ್ ಟೇಪಿನ ಮೇಲೆ ಹೋಗಿ ನಿಂತಳು.

ಕೂಗು ಬಿತ್ತು. ಅವಳ ಹಿಮ್ಮಡಿ ಎದ್ದಿತು. ಅರೆತೆರೆದ ಬಾಗಿಲ ಹಿಂದೆ ವಿಧವೆಯ ಪಾತ್ರದಲ್ಲಿ ನಿಂತಿದ್ದ ನಾಯಕಿಯ ಮುಖವನ್ನೇ ಒಡೆಟ್ ದಿಟ್ಟಿಸಿದಳು. ಎಷ್ಟು ಜನ ನಾಯಕಿಯರಿಗೆ ಈ ಜಾಗ ಬಿಟ್ಟುಕೊಟ್ಟಿದ್ದಳೋ! ಹಿಮ್ಮಡಿ ಮೆಲ್ಲನೆ ನೆಲಕ್ಕೂರಿತು.

"ಬಾಗಿಲು ತೆಗಿ. ನಾನು ಇಲ್ಲಿಂದ ಹೋಗೋದಿಲ್ಲ."

ಯಾರೂ ನಗಲಿಲ್ಲ. ಕರ್ಸ್ಟನ್ ದೀಪದವರತ್ತ ತಿರುಗಿದಳು. "ಆಯ್ತು. ಈಗ ಒಡೆಟ್ ಮುಖ, ಹತ್ತಿರದಿಂದ. ದೀಪ ಬದಲಾಯ್ಸಿ."

ದೀಪ ಎಂದೊಡನೆ ಒಡೆಟ್ ಅಭ್ಯಾಸಬಲದಿಂದ ಟೇಪಿನತ್ತ ತಿರುಗಿದಳು. ಅಲ್ಲಿ ಆಗಲೇ ಟ್ಯಾಮ್ಸಿನ್ ನಿಂತಿದ್ದಳು.

"ಹೋಗಿ ಕೂತ್ಕೊಳ್ಳಿ. ನಿಮ್ಮ ಬದಲು ನಾನು ನಿಲ್ಬೇಕಂತೆ."

ಒಡೆಟ್ ಕುರ್ಚಿಯವರೆಗೆ ಹೋದಳು, ಕೂರಲು ಮನಸ್ಸಾಗದೆ ಅಲ್ಲೇ ನಿಂತಳು.

"ಗದ್ದ ಸ್ವಲ್ಪ ಇಳ್ಸು ಹುಡುಗಿ, ದೀಪ ಕಣ್ಣಿಗೆ ಹೊಡಿಯುತ್ತೆ," ಎಂದಳು ಅಲ್ಲಿಂದಲೇ.

ಟ್ಯಾಮ್ಸಿನ್ ಗದ್ದ ಇಳಿಸಿದಳು.