ವಿಶಾಲಮ್ಮ ಬೇಯಿಸಿದ ಸೇಬು

ಶಿವಮೊಗ್ಗದ ಡಾಕ್ಟರು ಹೇಳಿದ್ದೇನೋ ಸುಲಭದ ಮಾತು. ಮಗು ರಾಗಿಸರಿಯನ್ನು ಉಗುಳುತ್ತಿದೆ, ತೂಕ ಏರಿಲ್ಲ, ದಿನಾ ಒಂದಿಷ್ಟು ಹಣ್ಣು ಮೆತ್ತಗೆ ಮಾಡಿ ಕೊಡಿ ಎಂದಿದ್ದರು. ಆದರೆ ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ, ಸೇಬಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡ ವಿಶಾಲಮ್ಮನಿಗೆ ಆಗಲೇ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಊರಿನ ಜನ್ನಾಪುರ ಬಡಾವಣೆಯ ತಮ್ಮ ಮನೆಯಲ್ಲಿ ಹಣ್ಣಿನ ಹೆಸರೆತ್ತಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅವಳ ಮೊದಲ ಮಗಳು ಅಂಬೆಗಾಲಿಡುವಾಗಲೇ ಜ್ವರ ಬಂದು ತೀರಿಕೊಂಡಿದ್ದಳು. ಬಾಳೆಹಣ್ಣು ಕಿವುಚಿ ತಿನ್ನಿಸಿ, ಶೀತ ಮಾಡಿ ಕೊಂದಳು ಎಂದು ಅತ್ತೆ ಜಲಜಮ್ಮ ನಲ್ಲಿಯ ಹತ್ತಿರ ನಿಂತವರಿಗೆಲ್ಲ ಹೇಳಿದ್ದರು. ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುವ ಗಂಡ ಚೌಡಪ್ಪ ಅದನ್ನು ಕೇಳಿಯೂ ತುಟಿ ಬಿಚ್ಚಿರಲಿಲ್ಲ. ಆಮೇಲೆ ಬೀದಿಯ ಹೆಂಗಸರು ತಮ್ಮ ಮಕ್ಕಳನ್ನು ಅವಳ ಕೈಗೆ ಕೊಡುವುದನ್ನೇ ಬಿಟ್ಟರು.

ಮರುದಿನ ಬೆಳಿಗ್ಗೆ ಅವಳು ಯಾರನ್ನೂ ಕೇಳಲಿಲ್ಲ. ಸೇಬಿನ ಸಿಪ್ಪೆ ಹೆರೆದು, ಬೀಜ ತೆಗೆದು, ಹೋಳುಗಳನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿದಳು. ಬಟ್ಟಲಿಗೆ ಹಾಕಿ ಚಮಚದ ಬೆನ್ನಿನಿಂದ ಅರೆದು, ಕುದಿಸಿ ಒಣಗಿಸಿದ್ದ ತೆಳು ಬಟ್ಟೆಯಲ್ಲಿ ಸೋಸಿದಳು. ಆರಿದ ಮೇಲೆ ಒಂದು ಚೂರು ಮಗುವಿನ ತುಟಿಗೆ ಮುಟ್ಟಿಸಿದಳು. ಮಗು ಮುಖ ಹಿಂಡಿತು, ಚಪ್ಪರಿಸಿತು, ಮತ್ತೆ ಬಾಯಿ ತೆರೆಯಿತು.

ಅಷ್ಟರಲ್ಲಿ ಜಲಜಮ್ಮನ ಕೈ ಬೀಸಿ ಬಂತು. ಬಟ್ಟಲು ಗೋಡೆಗೆ ಬಡಿದು ಉರುಳಿತು.

"ಒಂದನ್ನ ಕಳ್ಕೊಂಡಿದ್ದು ಸಾಲ್ದೇನೆ ನಿಂಗೆ?"

ವಿಶಾಲಮ್ಮ ಅತ್ತೆಯ ಕಡೆ ನೋಡಲೇ ಇಲ್ಲ. ಕೆಲಸಕ್ಕೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನತ್ತ ತಿರುಗಿದಳು.

"ಹೇಳ್ರೀ ನಿಮ್ಮವ್ವಂಗೆ! ಜ್ವರ ಮೊದ್ಲು ಬಂತಾ, ನಾನು ಹಣ್ಣು ಕೊಟ್ಟಿದ್ದು ಮೊದ್ಲಾ? ಆಸ್ಪತ್ರೆಗೆ ಹೋಗಣ ಅಂತ ಕಾಲಿಗೆ ಬಿದ್ರೆ, ತಾನೇ ಇಳಿಯುತ್ತೆ ಸುಮ್ನಿರು ಅಂದೋರು ಯಾರು?"

"ಈಗ ಯಾಕೆ ಅದೆಲ್ಲ, ಮಾರಾಯ್ತಿ..."

"ಈಗ್ಲೇ! ಹೇಳ್ದೆ ಈ ಬಾಗ್ಲು ದಾಟ್ಬೇಡಿ."

ಚೌಡಪ್ಪನ ಕೈ ಗುಂಡಿಯ ಮೇಲೇ ನಿಂತಿತು. "ಅವ್ವ, ಹಣ್ಣಿಂದಲ್ಲ. ಅದಕ್ಕೆ ಮುಂಚೆನೇ ಮೈ ಸುಡ್ತಿತ್ತು. ನಾನೇ ತಾತ್ಸಾರ ಮಾಡ್ದೆ."

"ಹಂಗಾದ್ರೆ ನನ್ ಬಾಯಲ್ಲಿ ಅಷ್ಟೆಲ್ಲ ಯಾಕೋ ಆಡಿಸ್ದೆ?" ಜಲಜಮ್ಮ ಗೋಡೆಗೊರಗಿ ಕೂತರು.

ಈ ಮಾತು ಕೇಳಿದರೆ ಎದೆ ಹಗುರವಾಗುತ್ತದೆಂದು ವಿಶಾಲಮ್ಮ ಅಂದುಕೊಂಡಿದ್ದಳು. ಆಗಲಿಲ್ಲ. ಸಿಟ್ಟು ಇನ್ನಷ್ಟು ಏರಿತು. ಉಸಿರೆಳೆಯುವಷ್ಟರಲ್ಲಿ ಮುಗಿಯುವ ಮಾತನ್ನು ಈ ಮನುಷ್ಯ ಇಷ್ಟು ಕಾಲ ನುಂಗಿಕೊಂಡು, ಅವಳು ಬಡಿಸಿದ ಅನ್ನ ಉಂಡಿದ್ದ.

ಚೌಡಪ್ಪ ನೆಲ ಒರೆಸಲು ಬಗ್ಗಿದ.

"ಅದನ್ನ ಬಿಡಿ. ನಲ್ಲಿ ಹತ್ರ ಹೋಗಿ, ಅಲ್ಲಿರೋರಿಗೂ ಇದನ್ನೇ ಹೇಳಿ."

ಅವನು ತಲೆ ತಗ್ಗಿಸಿ ಹೊರಟ. ಸ್ವಲ್ಪ ಹೊತ್ತಿಗೆ ಹೊರಗೆ ಕೊಡಗಳ ಸದ್ದು ನಿಂತಿತು. ತಡವರಿಸುವ ಅವನ ದನಿಯೊಂದೇ ಕೇಳಿಸಿತು.

ಮಗು ಹಸಿವಿನಿಂದ ರಚ್ಚೆ ಹಿಡಿದಿತ್ತು. ಜಲಜಮ್ಮ ಎದ್ದು ಬಂದು ಎರಡೂ ಕೈ ಚಾಚಿದರು. "ಕೊಡವ್ವ, ನೀನು ಬೇಯಿಸೋವರ್ಗೂ ನಾನು ಎತ್ಕೊಂಡಿರ್ತೀನಿ."

"ಬೇಡ ಅತ್ತೆ," ಎಂದಳು ವಿಶಾಲಮ್ಮ. ಮಗುವನ್ನು ಸೊಂಟಕ್ಕೇರಿಸಿಕೊಂಡೇ ಇನ್ನೊಂದು ಸೇಬು ತೊಳೆಯತೊಡಗಿದಳು.