ಗಡಿ ದಾಟಿಸಿದ ಕೋಳಿ

"ಇಕ್ಕಳ ಕೊಡು ಇತ್ಲಾಗ. ಇದೊಂದು ತಂತಿ ತಿರುವಿಬಿಟ್ರ ಮುಗೀತು ನಿನ್ನ ಕೋಳಿ ಅರಮನಿ," ಎಂದು ಕೈ ಚಾಚಿದ ಮಾರೇಶ ಆ ಕೈಯನ್ನು ಹಾಗೇ ನಿಲ್ಲಿಸಿದ. ಗೀತಮ್ಮ ಗಂಡ ನೋಡುತ್ತಿದ್ದ ಕಡೆ ತಿರುಗಿದಳು. ಬೇಲಿಯ ಜಾಲಿಮುಳ್ಳಿನ ಸಂದಿಯಿಂದ ನುಸುಳಿ ಬಂದು, ಹೊಸ ಜಾಲರಿಯ ಹೊರಗೆ ಒಂದು ಕರಿ ಕೋಳಿ ನಿಂತಿತ್ತು. ನೆತ್ತಿಗೆ ಕುಂಕುಮ ಮೆತ್ತಿತ್ತು. ಕಾಲಲ್ಲಿ ಅರಿಶಿಣದ ದಾರ.

"ನಮ್ಮ ಕೋಳಿ ಅಲ್ಲೇನು ಇದು?"

"ನಮ್ದಾಗಿತ್ತು," ಎಂದಳು ಗೀತಮ್ಮ. ಸಂಜೆಯ ಕೊನೇ ಬೆಳಕಿನಲ್ಲಿ ಅವಳು ಆ ದಾರವನ್ನೇ ನೋಡಿದಳು.

ಗೋಡೆಯಾಚೆ ಮನೆಯ ತಿಪ್ಪೇರುದ್ರಮ್ಮನ ಮಗ ಹುಲುಗೇಶ್ ಕಾರ್ತಿಕದಿಂದ ಜ್ವರ ಹಿಡಿದು ಮಲಗಿದ್ದ. ಬೊಮ್ಮನಹಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು, ಹೊಸಪೇಟೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸಿದರು, ಜ್ವರ ಜಗ್ಗಲಿಲ್ಲ. ಕೊನೆಗೆ ತಿಪ್ಪೇರುದ್ರಮ್ಮ ಕರಿ ಕೋಳಿ ಹುಡುಕಿಕೊಂಡು ಬಂದಳು. ಮಗನಿಗೆ ನಿವಾಳಿಸಿ, ತಮ್ಮೂರು ಹಂಪಸಾಗರದ ಗಡಿ ದಾಟಿಸಿ ಬಿಟ್ಟುಬಂದರೆ ಜಡ್ಡು ಕೋಳಿಯ ಹಿಂದೆ ಹೋಗುತ್ತದೆ. ಅಂಥ ಕೋಳಿಯನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಮುಟ್ಟಿದವರಿಗೇ ಅದು ಹತ್ತುತ್ತದೆ. ಗೀತಮ್ಮ ಹಿಂದೆಮುಂದೆ ನೋಡದೆ, ತನ್ನ ಅಡುಗೆಮನೆಯ ಮೂಲೆಯಲ್ಲೇ ಮರಿಯಾಗಿ ಬೆಳೆದ ಕೋಳಿಯನ್ನು ಹಿಡಿದು ಕೊಟ್ಟಿದ್ದಳು. ಹುಲುಗೇಶ್ ಈಗ ಎದ್ದು ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದ.

"ಹುಶ್! ಹೋಗಾಚೆ!" ಮಾರೇಶ ಮಣ್ಣಿನ ಹೆಂಟೆ ಎತ್ತಿ ಬೀಸಿದ. ಕೋಳಿ ಕದಲಲಿಲ್ಲ. ಎಸೆದಷ್ಟೂ ಅದು ಕತ್ತು ಓರೆ ಮಾಡಿ ಗೀತಮ್ಮನನ್ನೇ ನೋಡಿತು. ಆಮೇಲೆ ನಿಧಾನಕ್ಕೆ, ಹಾದಿ ಗೊತ್ತಿರುವವರ ಹಾಗೆ, ಹಸನ್ ಸಾಬರ ಹತ್ತಿರ ಬೆಸುಗೆ ಹಾಕಿಸಿ ತಂದಿದ್ದ ಹೊಸ ಬಾಗಿಲಿನಿಂದ ಒಳಗೆ ಹೋಯಿತು.

ಹೋದ ಚಳಿಗಾಲ ಮೂಡಗಾಳಿಗೆ ಮರಿಗಳೆಲ್ಲ ಮುದುರಿ ಸತ್ತಿದ್ದವು. ಅದಕ್ಕೇ ಈ ಸಲ ಫೋನಿನಲ್ಲಿ ನೋಡಿ ನೋಡಿ, ಬಸುರಿ ಹೊಟ್ಟೆ ಹೊತ್ತುಕೊಂಡೇ, ಗೀತಮ್ಮ ಗಂಡನ ಬೆನ್ನು ಬಿದ್ದು ಈ ಗೂಡು ಕಟ್ಟಿಸಿದ್ದಳು. ಮೇಲೆ ತಗಡು, ತಗಡಿನ ಮೇಲೆ ಜೋಳದ ಸೊಪ್ಪೆ, ಗಾಳಿ ಬೀಸುವ ಕಡೆ ಗೋಣಿಚೀಲದ ಪರದೆ, ಕೆಳಗೆ ಬೆಚ್ಚಗೆ ಶೇಂಗಾ ಹೊಟ್ಟು. ಹಗಲು ಓಡಾಡಲು ಜಾಲರಿಯ ಅಂಗಳ. ಒಳಗೆ ಅಡ್ಡ ಕಟ್ಟಿದ ಬೊಂಬಿನ ಮೇಲೆ ಕೋಳಿಗಳು ಆಗಲೇ ಒಂದಕ್ಕೊಂದು ಒತ್ತಿ ಕೂತಿದ್ದವು. ಕರಿ ಕೋಳಿ ಬೊಂಬು ಹತ್ತಿದ್ದೇ ತಡ, ಉಳಿದವೆಲ್ಲ ಒಂದೂ ಕೊಕ್ಕೆನ್ನದೆ ಧಪಧಪ ಕೆಳಗಿಳಿದು ಬಾಗಿಲ ಮೂಲೆಗೆ ಸರಿದವು. ಅಷ್ಟುದ್ದ ಬೊಂಬಿನ ನಡುವೆ ಅದೊಂದೇ ಕೂತಿತು.

ಅತ್ತೆ ಜಂಬಕ್ಕ ಹಿತ್ತಲ ಬಾಗಿಲಿಗೆ ಬಂದವಳು ಹೊಸ್ತಿಲು ದಾಟಲಿಲ್ಲ.

"ಯಾರ ಕೋಳಿ ಕೊಟ್ಟಿದ್ದೆವ್ವಾ ಅಕಿಗೆ? ನಮ್ಮ ಮನ್ಯಾಗ ಹುಟ್ಟಿದ್ದು ಕೊಟ್ಟಿದ್ಯಾ?"

"ಹ್ಞೂಂ ಅತ್ತಿ. ಅವಸರ ಮಾಡಿದ್ರು..."

"ಬ್ಯಾರೆ ಊರಿಂದ ತರ್ತಾರ ಅಂಥದ್ನ! ತನ್ನ ಮನಿ ಮರೀದಿರೋ ಕೋಳಿ, ಹೊತ್ತಿದ್ದೂ ತಗೊಂಡೇ ಮನಿಗೆ ಬರ್ತೈತಿ. ಎರಡು ಕಳ್ಕಂಡೀದಿ ನೀನು. ಇದೊಂದು ಉಳೀಬೇಕಾ ಬ್ಯಾಡಾ?"

ಗೀತಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಎರಡು ಸಲವೂ ಏಳನೇ ತಿಂಗಳಲ್ಲೇ ಹೋಗಿದ್ದವು. ಈಗ ಇದಕ್ಕೂ ಏಳು.

"ಬುಟ್ಟಿ ಮುಚ್ಚಿ ಎತ್ತಿ, ಗ್ವಾಡಿ ಆಚೆ ಒಗದುಬಿಡ್ತೀನಿ ತಡೀ. ಅವರ ಜಡ್ಡು ಅವರ ಮನಿಗೆ," ಎಂದ ಮಾರೇಶ. ಗೋಣಿಚೀಲವನ್ನು ಕೈಗೆ ಸುತ್ತಿಕೊಂಡು, ಕೋಲಿನಿಂದ ತಿವಿದು ಕೋಳಿಯನ್ನು ಹೊರಗಟ್ಟಿ, ಬುಟ್ಟಿ ಕವುಚಿ ಹಾಕಿದ. ಗೋಡೆಯಾಚೆಯಿಂದ ಆಗ ಹುಲುಗೇಶನ ದನಿ ಬಂತು: "ಯವ್ವಾ, ಇನ್ನೊಂದು ರೊಟ್ಟಿ ಹಾಕ!" ತಿಪ್ಪೇರುದ್ರಮ್ಮ ನಕ್ಕಳು. "ಮೂರು ತಿಂದೀದಿ ಕಳ್ಳಾ, ಹೊಟ್ಟಿ ಐತೋ ಜ್ವಾಳದ ಹಗೇವು ಐತೋ!"

"ಬ್ಯಾಡ್ರಿ," ಎಂದಳು ಗೀತಮ್ಮ. "ಇವತ್ತೊಂದಿನ ಇರ್ಲಿ."

"ನಿನಗೇನು ತಲಿಗಿಲಿ ಕೆಟ್ಟೈತೇನಲೇ?"

"ರೊಟ್ಟಿ ತಿನ್ನಾಕತ್ಯಾನ ಅಂವ."

ಬುಟ್ಟಿಯ ಮೇಲೆ ಕಲ್ಲು ಹೇರಿ ಅವರು ಒಳಗೆ ಹೋದರು.

ಬೆಳಗ್ಗೆ ಹೊಳೆಯ ಕಡೆಯಿಂದ ಮಂಜು ಹಿತ್ತಲಿನವರೆಗೂ ಬಂದಿತ್ತು. ಹುಂಜ ಕೂಗಲಿಲ್ಲ. ಉಳಿದ ಕೋಳಿಗಳೆಲ್ಲ ಗೂಡು ಬಿಟ್ಟು ಹಿತ್ತಲಿಗೆ ಇಳಿದಿದ್ದವು. ಗೀತಮ್ಮ ಕಾಳು ಹಿಡಿದು ನಿಂತಿದ್ದಾಗ ಮಂಜಿನೊಳಗಿಂದ ತಿಪ್ಪೇರುದ್ರಮ್ಮ ಬಂದಳು, ಕೈಯಲ್ಲಿ ಮಜ್ಜಿಗೆ ಚೊಂಬು.

"ಏನ್ ಚಂದ ಕಟ್ಟಿಸೀಯವ್ವಾ ಗೂಡು! ನಮ್ಮ ಹುಲುಗೇಶ್ ಅಂತಾನ, ನಾನೂ ಅಲ್ಲೇ ಮಕ್ಕಂತೀನಿ ಅಂತ." ಅವಳು ಜಾಲರಿ ಸವರಿದಳು. "ನಿನ್ನ ಕೋಳಿ ಕೈ ಹಿಡೀತು ತಾಯೀ. ಆ ಮುಂಡೇದು ಎಲ್ಲಿ ಹೋಗಿ, ಯಾರಿಗೆ ಅಮರಿಕೊಂಡೈತೋ..."

ಬುಟ್ಟಿಯೊಳಗೆ ಏನೋ ಗೀಚಿತು.

"ಅದೇನು?"

"ತತ್ತಿ ಮ್ಯಾಲೆ ಕುಂತೈತಿ ದೊಡ್ಡವ್ವಾ. ಮುಚ್ಚೀನಿ," ಎಂದಳು ಗೀತಮ್ಮ.

ತಿಪ್ಪೇರುದ್ರಮ್ಮ ಬುಟ್ಟಿಯನ್ನು ನೋಡಿದಳು. ಬುಟ್ಟಿಯ ಅಂಚಿನಡಿಯಿಂದ ಹಳದಿ ದಾರದ ಒಂದು ತುದಿ ಹೊರಗೆ ಬಂದಿತ್ತು. ಅವಳೇ ಕಟ್ಟಿದ ಗಂಟು. ನೋಡುತ್ತ ನೋಡುತ್ತ ಅವಳ ಮುಖ ಬಿಳಿಚಿತು. ಅವಳು ಗೀತಮ್ಮನ ಹೊಟ್ಟೆ ನೋಡಿದಳು, ಗೋಡೆ ನೋಡಿದಳು. ಚೊಂಬು ಓರೆಯಾಗಿ ಮಜ್ಜಿಗೆ ಚೆಲ್ಲಿತು.

"ಈಗ ಜ್ವರ ಇಲ್ಲ ಅವನಿಗೆ, ಗೀತಾ," ಎಂದಳು ಮೆಲ್ಲಗೆ, ಬೇಡುವವಳ ಹಾಗೆ. "ಒಟ್ಟ ಇಲ್ಲ."

"ಗೊತ್ತೈತಿ ದೊಡ್ಡವ್ವಾ."

ತಿಪ್ಪೇರುದ್ರಮ್ಮ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಬುಟ್ಟಿಗೆ ಬೆನ್ನು ಕೊಡದೆ, ಹಿಂದಿಂದಕ್ಕೆ ಹೆಜ್ಜೆಯಿಟ್ಟು ಮಂಜಿನಲ್ಲಿ ಕರಗಿದಳು. ಆಚೆ ಕದ ಹಾಕಿದ ಸದ್ದು, ಅಗಳಿ ಹಾಕಿದ ಸದ್ದು ಕೇಳಿತು.

ಗೀತಮ್ಮ ಕಲ್ಲು ಸರಿಸಿ ಬುಟ್ಟಿ ಎತ್ತಿದಳು. ಹೊರಗೆ ಬಿಟ್ಟರೆ ಕೋಳಿ ಇವತ್ತಲ್ಲ ನಾಳೆ ಗೋಡೆ ಹಾರುತ್ತದೆ. ಗೂಡಿನೊಳಗೆ ಹಾಕಿ ಬಾಗಿಲು ಬಿಗಿದರೆ ಎಲ್ಲಿಗೂ ಹೋಗುವುದಿಲ್ಲ. ಅದು ತಾನಾಗಿ ಏಳುವ ಹಾಗೆ ಕಾಣಲಿಲ್ಲ, ನೆಲಕ್ಕೆ ಅಂಟಿ ಕೂತು ಗಡಗಡ ನಡುಗುತ್ತಿತ್ತು. "ಮುಟ್ಟಬ್ಯಾಡ!" ಎಂದು ಹೊಸ್ತಿಲಿನಿಂದ ಜಂಬಕ್ಕ ಕೂಗುವಷ್ಟರಲ್ಲಿ ಅವಳು ಎರಡೂ ಕೈ ಅದರ ಎದೆಯಡಿಗೆ ತೂರಿಸಿದ್ದಳು. ಪುಕ್ಕದೊಳಗೆ ಸುಡುತ್ತಿತ್ತು. ಜ್ವರ ಬಂದವರ ಹಣೆಯಷ್ಟು ಸುಡುತ್ತಿತ್ತು. ಅವಳ ಕೈಯಲ್ಲಿ ಅದರ ನಡುಕ ನಿಂತಿತು.

ಅದನ್ನು ಒಳಗೆ ಇಳಿಸಿ, ಬಾಗಿಲು ತಳ್ಳಿ, ಇಕ್ಕಳದಿಂದ ತಂತಿಯನ್ನು ಬಿಚ್ಚಲಾಗದ ಹಾಗೆ ತಿರುವಿದಳು. ಹೊಟ್ಟೆಯೊಳಗೆ ಕೂಸು ಒಮ್ಮೆ ಒದೆಯಿತು. ಅವಳ ಕೈ ತಾನಾಗಿಯೇ ಅತ್ತ ಹೋಯಿತು, ನಡುವೆಯೇ ನಿಂತಿತು. ಗೀತಮ್ಮ ಎರಡೂ ಅಂಗೈಗಳನ್ನು ಮೈಯಿಂದ ದೂರ ಚಾಚಿ, ಮಂಜಿಗೆ ಒಡ್ಡಿ, ಅವು ತಣ್ಣಗಾಗುವುದನ್ನು ಕಾಯುತ್ತ ನಿಂತಳು.